ಸವತಿ ಬೆಟ್ಟ ಹತ್ತಿದ್ದು

ನಾನು ಬಸ್ಸಿನ ಮನುಷ್ಯ. ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು. ಅರ್ಧ ಆಯುಸ್ಸು ಕಂಬಿ ಹಿಡಿದುಕೊಂಡೇ ಕಳೆದವನಿಗೆ ಸ್ವಂತ ಕಾರು ಇಟ್ಟುಕೊಂಡವರನ್ನು ಕಂಡರೆ ಅಷ್ಟಕ್ಕಷ್ಟೆ. ಅದರಲ್ಲೂ ನಮ್ಮ ಭಾವನ ಕಾರು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಭಾವ ಎಂದರೆ ಶಾಂತರಾಜು, ನಮ್ಮಕ್ಕ ರತ್ನಳ ಗಂಡ. ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ರಿಟೈರ್ ಆದವರು. ಊರಿನವರಿಗೆ ಮಾತ್ರ ಇವತ್ತಿಗೂ ಡಾಕ್ಟ್ರು. ಯಳಂದೂರಿನಲ್ಲಿ ಕೆಲಸಕ್ಕಿದ್ದಾಗ ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದ ಮುದುಕ ಸಾಹುಕಾರರೊಬ್ಬರ ನಾಯಿಗಳಿಗೆಲ್ಲ ಇವರದೇ ಔಷಧಿ. ಆ ಸಾಹುಕಾರರು ತೋಟ ಮಾರಿ ಊಟಿಗೆ ಹೊರಟಾಗ, ನಾಯಿಗಳನ್ನು ಜೊತೆಗೆ ಕರೆದುಕೊಂಡು ಕಾರನ್ನು ಭಾವನಿಗೆ ಬಿಟ್ಟುಹೋದರು. ಅದರ ಬದಲು ಒಂದು ನಾಯಿಯನ್ನು ಕೊಟ್ಟಿದ್ದರೆ ಎಷ್ಟೋ ನೆಮ್ಮದಿಯಾಗಿರುತ್ತಿತ್ತು.

ಅದು ಸೀಮೆ ಕಾರು. ಕಡುಕೆಂಪು ಬಣ್ಣ, ಎರಡೇ ಸೀಟು, ತಲೆಯ ಮೇಲೆ ಮಡಚುವ ಬಟ್ಟೆ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಅದರಲ್ಲಿ ಕೂತವರಿಗೆ ರಸ್ತೆ ದಾಟುವ ಮೇಕೆಯ ಮುಖ ಸರಿಯಾಗಿ ಎದುರಿಗೆ ಬರುತ್ತದೆ. ಭಾವನೂ ಅದೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. "ಎರಡು ಕಾರ್ಬುರೇಟರ್ ಕಣ್ಲಾ ಗೋವಿಂದ, ಎರಡು! ಒಂದೊಂದೂ ಒಂದೊಂದು ಶ್ವಾಸಕೋಶ ಇದ್ದಂಗೆ," ಎಂದು ಬಾನೆಟ್ ಎತ್ತಿ ತೋರಿಸುವಾಗ ಅವರ ಮುಖದಲ್ಲಿ ಬರುತ್ತಿದ್ದ ಕಳೆಯನ್ನು ಮದುವೆಯ ಫೋಟೋದಲ್ಲೂ ನಾನು ಕಂಡಿಲ್ಲ.

ಕಾರು ಬಂದ ದಿನವೇ ಕೊಟ್ಟಿಗೆ ಅದರ ಪಾಲಾಯಿತು. ಕೊಟ್ಟಿಗೆಯಲ್ಲಿದ್ದ ಗೌರಿ ಎಂಬ ಹಸುವನ್ನು ನಮ್ಮ ಮನೆಗೆ ಅಟ್ಟಿದರು. ಅಂದಿನಿಂದ ಹಾಲು ನಮಗೆ, ಬೈಗುಳ ಭಾವನಿಗೆ. ಅಕ್ಕ ಆ ಕಾರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. 'ಸವತಿ' ಎನ್ನುತ್ತಿದ್ದಳು. "ಸವತಿ ಮೈ ತೊಳ್ದಾಯ್ತಾ? ಇನ್ನು ಈ ಕಡೆ ಬಂದು ನನ್ಗೂ ಒಂದ್ ಬಿಂದ್ಗೆ ನೀರ್ ಸೇದ್ಕೊಡಿ," ಎಂದು ಬೆಳಗ್ಗೆಯೇ ಬೀದಿಗೆ ಕೇಳುವಂತೆ ಕೂಗುತ್ತಿದ್ದಳು.

ಸವತಿ ಊರೊಳಗೆ ಸೊಗಸಾಗಿ ಓಡುತ್ತಿದ್ದಳು. ಹನೂರಿನವರೆಗೂ ಸರಿ. ಆದರೆ ಕೌದಳ್ಳಿ ದಾಟಿ ತಾಳಬೆಟ್ಟದ ಕಡೆಗೆ ರಸ್ತೆ ಏರಲು ಶುರುವಾಗುತ್ತಿದ್ದಂತೆ ಅವಳ ದಮ್ಮು ಕಟ್ಟುತ್ತಿತ್ತು. ಭಾವ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದರೂ ವೇಗ ಇಳಿಯುತ್ತಲೇ ಹೋಗುವುದು, ಸೌದೆ ಹೊತ್ತ ಸೈಕಲ್ಲುಗಳು ಮುಂದೆ ಹೋಗುವುದು, ಕೊನೆಗೆ ಒಂದು ಹುಣಸೆ ಮರದ ಹತ್ತಿರ ಎರಡು ಸಲ ಕೆಮ್ಮಿ ನಿಂತುಬಿಡುವುದು. ಹೆಚ್ಚುಕಡಿಮೆ ಪ್ರತಿ ಸಲವೂ ಅದೇ ಮರ. ಆ ಹೊತ್ತಿಗೆ ಸರಿಯಾಗಿ ನನ್ನ ಬಸ್ಸು ಬರುತ್ತಿತ್ತು. ನಮ್ಮ ಡ್ರೈವರು ಬೇಕೆಂದೇ ಉದ್ದಕ್ಕೆ ಹಾರ್ನ್ ಹೊಡೆಯುತ್ತಿದ್ದ. ಮಾರ್ಟಳ್ಳಿಯ ಹೆಂಗಸರು ಕಿಟಕಿಯಿಂದ ತಲೆ ಹಾಕಿ "ಐಯೋ, ಡಾಕ್ಟರ್ ಪಾವಂ," ಎಂದು ತಮಿಳಿನಲ್ಲಿ ಮರುಗುತ್ತಿದ್ದರು. ಬರಬರುತ್ತ ಜನ ಆ ಮರಕ್ಕೇ ಹೆಸರಿಟ್ಟರು. "ಕೆಂಪ್ಕಾರ್ ತಾವ ಇಳ್ಸಿ ಸಾ," ಎಂದು ನನ್ನ ಹತ್ತಿರವೇ ಟಿಕೆಟ್ ಕೇಳುವರು. ಸ್ವಂತ ಭಾವನ ಮಾನ ಹೋದ ಜಾಗಕ್ಕೆ ನಾನೇ ಟಿಕೆಟ್ ಕೊಡಬೇಕು.

ವಿಚಿತ್ರವೆಂದರೆ ಸವತಿಯ ಕಾಯಿಲೆ ಹೆಚ್ಚು ಹೊತ್ತು ಇರುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಾನೆಟ್ ಎತ್ತಿ, ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿ, ಮುಚ್ಚಳ ಹಾಕಿ ಕೀ ತಿರುಗಿಸಿದರೆ ಏನೂ ಆಗಿಲ್ಲದವಳ ಹಾಗೆ ಗುರ್ರೆನ್ನುತ್ತಿದ್ದಳು. ಇನ್ನಷ್ಟು ದೂರ ಹೋಗಿ ಮತ್ತೆ ದಮ್ಮು.

ಭಾವ ಮೊದಲು ತಮ್ಮ ವಿದ್ಯೆಯನ್ನೇ ಪ್ರಯೋಗಿಸಿದರು. ಹಳೆಯ ಸ್ಟೆತಾಸ್ಕೋಪನ್ನು ಎಂಜಿನ್ನಿನ ಮೇಲಿಟ್ಟು, ಕಣ್ಣು ಮುಚ್ಚಿ ಆಲಿಸಿ, "ಎದೆ ಸದ್ದು ಚೆನ್ನಾಗೇ ಅದ. ಹೊಟ್ಟೆ ಉಬ್ಬರ ಏನಿಲ್ಲ," ಎಂದರು. ಆಮೇಲೆ ಹನೂರಿನ ಮೆಕ್ಯಾನಿಕ್ ದೊಡ್ಡಸಿದ್ದಯ್ಯ ಬಂದ. ದೊಡ್ಡಸಿದ್ದಯ್ಯ ತನ್ನ ಜೀವಮಾನದಲ್ಲಿ 'ಗೊತ್ತಿಲ್ಲ' ಎಂಬ ಪದವನ್ನು ಬಳಸಿದವನಲ್ಲ. ಮೊದಲ ಸಲ "ಪ್ಲಗ್ಗು ಸಾ, ಕಣ್ಮುಚ್ಕಂಡು ಏಳ್ತೀನಿ," ಎಂದು ಪ್ಲಗ್ಗು ಬದಲಿಸಿದ. ಹನೂರಿನ ಪೇಟೆ ಬೀದಿಯಲ್ಲಿ ಒಂದು ಸುತ್ತು ಹಾಕಿಸಿದ, ಕಾರು ಜಿಂಕೆಯ ಹಾಗೆ ಓಡಿತು. ಮುಂದಿನ ವಾರ ಹುಣಸೆ ಮರ. ಎರಡನೇ ಸಲ ಎರಡೂ ಕಾರ್ಬುರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ಮತ್ತೆ ಪೇಟೆಯಲ್ಲಿ ಜಿಂಕೆ, ಮತ್ತೆ ಹುಣಸೆ ಮರ. ಆಮೇಲೆ ಪೆಟ್ರೋಲ್ ಪಂಪು, ಪೈಪು, ಫಿಲ್ಟರು. ಏನೂ ಉಳಿಯದೆ ಹೋದಾಗ, "ಇದು ಗಡಿ ಆಚೆ ಪೆಟ್ರೋಲ್ ಕುಡ್ದು ಕೆಟ್ಟದ ಸಾ," ಎಂದ. ಆ ಕಾರು ಯಾವತ್ತೂ ತಮಿಳುನಾಡಿನ ಗಡಿ ದಾಟಿರಲಿಲ್ಲ. ದಾಟಬೇಕಾದರೆ ಮೊದಲು ಹುಣಸೆ ಮರ ದಾಟಬೇಕಲ್ಲ.

ಒಂದು ದಿನ ರೋಸಿಹೋದ ಭಾವ, ದೇವಸ್ಥಾನಕ್ಕೆಂದು ತಂದಿದ್ದ ತೆಂಗಿನಕಾಯನ್ನು ಅಲ್ಲೇ ಕಾರಿಗೆ ನೀವಳಿಸಿ ಒಡೆದರು. ಕಾರು ಒಂದೇ ಉಸಿರಿಗೆ ತಾಳಬೆಟ್ಟ ಮುಟ್ಟಿತು. ಅಲ್ಲಿಗೆ ಕಾಯಿಯ ಶಾಸ್ತ್ರ ಶುರುವಾಯಿತು. ಸೀಟಿನ ಹಿಂದೆ ಒಂದು ಮೂಟೆ ಕಾಯಿ ಸದಾ ಇರುತ್ತಿತ್ತು. ಕಾರು ನಿಂತಾಗ ಭಾವ ಇಳಿದು, ಅಭ್ಯಾಸದಂತೆ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿ, ಮುಚ್ಚಳ ಹಾಕಿ, ಕಾಯಿ ಒಡೆಯುವರು. ಕಾರು ಹೊರಡುವುದು. ಬೇರೆಯವರ ಕಾರು ಲೀಟರಿಗೆ ಇಷ್ಟು ಕಿಲೋಮೀಟರ್ ಕೊಟ್ಟರೆ ನಮ್ಮ ಭಾವನದು ಕಾಯಿಗೆ ಇಷ್ಟು ಕಿಲೋಮೀಟರ್ ಕೊಡುತ್ತಿತ್ತು.

ಇಲ್ಲಿ ಆ ಟ್ಯಾಂಕಿನ ಮುಚ್ಚಳದ ವಿಷಯ ಒಂದು ಮಾತು ಹೇಳಬೇಕು. ಅದು ಸೀಟುಗಳ ಹಿಂದೆ, ಕಾರಿನ ಬೆನ್ನಿನ ನಡುಮಧ್ಯದಲ್ಲಿದೆ. ದುಂಡಗೆ, ಬೆಳ್ಳಿಯ ಬಟ್ಟಲು ಕವುಚಿದ ಹಾಗೆ ಹೊಳೆಯುತ್ತದೆ. ಅದರ ನಡುವೆ ಕಾಸಗಲದ ಒಂದು ಕುಂಕುಮದ ಬೊಟ್ಟು. ಆಯುಧಪೂಜೆಯಲ್ಲಿ ಇಟ್ಟದ್ದು ಎಂದು ಎಲ್ಲರೂ ಅಂದುಕೊಂಡಿದ್ದೆವು. ಭಾವ ದಿನಾ ಕಾರು ಒರೆಸುವಾಗ ಬೊಟ್ಟಿನ ಸುತ್ತ ಒರೆಸುತ್ತಿದ್ದರು. ದೊಡ್ಡಸಿದ್ದಯ್ಯ ಕೂಡ ಮುಚ್ಚಳ ತೆಗೆಯುವಾಗ ಗ್ರೀಸಿನ ಕೈ ಬೊಟ್ಟಿಗೆ ತಾಗದಂತೆ ಅಂಚು ಹಿಡಿದು ತಿರುಗಿಸುತ್ತಿದ್ದ. ಮಂಗಳವಾದದ್ದನ್ನು ಅಳಿಸುವ ಕೈ ನಮ್ಮ ಕಡೆ ಯಾರಿಗಿದೆ?

ಹೀಗಿರುವಾಗ ಮೈಸೂರು ಕಡೆಯ ಒಬ್ಬ ರೆಸಾರ್ಟಿನವನು ಭಾವನ ಕಾರಿನ ಸುದ್ದಿ ಕೇಳಿ ಮನೆಗೇ ಬಂದ. ಓಡದಿದ್ದರೂ ಪರವಾಗಿಲ್ಲವಂತೆ. ಬಾಗಿಲಲ್ಲಿ ನಿಲ್ಲಿಸಿ, ಎಂಜಿನ್ ತೆಗೆದು, ಆ ಜಾಗಕ್ಕೆ ಮಣ್ಣು ತುಂಬಿ ಹೂವಿನ ಗಿಡ ನೆಡುತ್ತಾನಂತೆ. ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಭಾವ ಅವನಿಗೆ ಕಾಫಿ ಕೊಡುವುದನ್ನೂ ಮರೆತು ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಅಕ್ಕ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ತೀರ್ಪು ಕೊಟ್ಟಳು.

"ನಿಮ್ ಕಣ್ ಆಪರೇಷನ್ ಆದಾಗ ಬೆಟ್ಟಕ್ಕ ಬತ್ತೀವಿ ಅಂತ ಮಾದಪ್ಪನ್ಗ ಅರಕೆ ಒತ್ತಿವ್ನಿ. ಈ ಸೋಮವಾರ ಸವತಿ ಮೇಲೇ ಕುಂತ್ಕಂಡು ಬತ್ತೀನಿ. ಅವ್ಳು ಬೆಟ್ಟ ಅತ್ತುದ್ರ ಇಲ್ಲೇ ಇರ್ಲಿ. ಅತ್ನಿಲ್ವಾ, ಮಂಗಳವಾರ ಇವ್ರು ಲಾರಿ ತರ್ಲಿ, ಕೊಟ್ಗೆಗ ನನ್ ಗೌರಿ ಬರ್ಲಿ."

ಭಾವ ಬಾಗಿಲು ಬಿಟ್ಟು ಕದಲದೆಯೇ "ಆಯ್ತು," ಎಂದರು. ಅಕ್ಕ ನನ್ನ ಕಡೆ ತಿರುಗಿ, "ನೀನೂ ಬಾ. ಸಾಕ್ಷಿ ಬೇಕು," ಎಂದಳು.

ನನಗೆ ಇಕ್ಕಟ್ಟು. ಕಾರು ಸೋತರೆ ಹೊಟ್ಟೆ ತಣ್ಣಗಾಗುತ್ತದೆ, ಆದರೆ ಗೌರಿ ಹೋಗುತ್ತಾಳೆ. ಕಾರು ಗೆದ್ದರೆ ಹಾಲು ಉಳಿಯುತ್ತದೆ, ಆದರೆ ಹೊಟ್ಟೆ ಉರಿಯುತ್ತದೆ. ಬೀಳುವುದೋ ಗೆಲ್ಲುವುದೋ ಅವರವರ ಹಣೆಬರಹ ಎಂದು ರಜೆ ಹಾಕಿದೆ.

ಸೋಮವಾರ ಬೆಳಗ್ಗೆ ಭಾವ ಇಸ್ತ್ರಿ ಪಂಚೆ ಉಟ್ಟು ಸ್ಟೀರಿಂಗ್ ಹಿಡಿದರು. ಅಕ್ಕ ರೇಷ್ಮೆ ಸೀರೆ ಉಟ್ಟು, ಪೂಜೆಯ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಳು. ಮೂರನೇ ಸೀಟೇ ಇಲ್ಲದ ಕಾರಿನಲ್ಲಿ ಮೂರನೆಯವನು ನಾನು. ಸೀಟುಗಳ ಹಿಂದಿನ ಗೇಣಗಲದ ಜಾಗದಲ್ಲಿ, ಕಾಯಿ ಮೂಟೆಯ ಮೇಲೆ, ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತೆ. ಟ್ಯಾಂಕಿನ ಮುಚ್ಚಳ ನನ್ನ ಮೊಣಕೈಗೆ ಒತ್ತುತ್ತಿತ್ತು. ಹನೂರಿನಲ್ಲಿ ದೊಡ್ಡಸಿದ್ದಯ್ಯ ತನ್ನ ಮೊಪೆಡ್ಡಿನಲ್ಲಿ ಜೊತೆಯಾದ. "ಮರ್ವಾದೆ ಪ್ರಶ್ನೆ ಸಾ," ಎಂದ. ಮರ್ಯಾದೆ ಯಾರದ್ದೆಂದು ಹೇಳಲಿಲ್ಲ.

ಕೌದಳ್ಳಿ ದಾಟಿತು. ಗದ್ದೆ ಮುಗಿದು ಕುರುಚಲು ಕಾಡು ಬಂತು. ಮೊದಲ ಏರಿನಲ್ಲಿ ಎಂಜಿನ್ನಿನ ಸದ್ದು ಸಣ್ಣಗಾಯಿತು. ಭಾವ ಗೇರು ಇಳಿಸಿದರು. ಇನ್ನೂ ಇಳಿಸಿದರು. ಹಿಂದಿನಿಂದ ಬಂದ ದೊಡ್ಡಸಿದ್ದಯ್ಯನ ಮೊಪೆಡ್ಡು ನಮ್ಮನ್ನು ದಾಟಬಾರದೆಂದು ಎಷ್ಟೇ ನಿಧಾನ ಮಾಡಿದರೂ ಕೊನೆಗೆ ದಾಟಿಯೇಬಿಟ್ಟಿತು. ಸವತಿ ಎರಡು ಸಲ ಕೆಮ್ಮಿ ಹುಣಸೆ ಮರದ ನೆರಳಿಗೆ ಬಂದು ನಿಂತಳು.

ಅಷ್ಟರಲ್ಲಿ ನನ್ನ ಬಸ್ಸೇ ಬಂತು. ಹಾರ್ನೋ ಹಾರ್ನು. ಡ್ರೈವರು ಬಸ್ಸು ನಿಲ್ಲಿಸಿ ತಲೆ ಹಾಕಿ, "ಅತ್ತಿ ರತ್ನಕ್ಕಾ, ಸೀಟದ!" ಎಂದ. ಒಳಗಿದ್ದವರೆಲ್ಲ ನಕ್ಕರು.

ಭಾವ ಸ್ಟೀರಿಂಗಿನಿಂದ ಕೈ ತೆಗೆದರು. "ಓಗು ರತ್ನ," ಎಂದರು ಮೆಲ್ಲಗೆ. "ಬಸ್ಸಲ್ಲೋಗಿ ಅರಕೆ ತೀರ್ಸು. ಮಾತು ಮಾತೇ. ನಾಳೆ ಲಾರಿ ತರಕ್ಕ ಏಳ್ತೀನಿ."

ಇಷ್ಟು ವರ್ಷ ಈ ಕಾರು ಹಾಳಾಗಲಿ ಎಂದು ಬಯಸಿದವನು ನಾನೇ. ಆದರೆ ಅದರೊಳಗೆ ಮಣ್ಣು ತುಂಬುವುದನ್ನು ನೆನೆದರೆ, ಭಾವನ ಬಾಯಿಗೇ ಮಣ್ಣು ಹಾಕಿದಂತೆ ಕಾಣಿಸಿತು. ಪಾಪ ಎನಿಸಿತು, ನಿಜವಾಗಿ.

ಅಕ್ಕ ಬಸ್ಸು ಹತ್ತುತ್ತಾಳೆಂದು ನಾನು ಕಾಲು ಬಿಡಿಸಿಕೊಳ್ಳಲು ನೋಡುತ್ತಿದ್ದೆ. ಅವಳು ಕೂತಲ್ಲಿಂದಲೇ ಡ್ರೈವರನ್ನು ದುರುಗುಟ್ಟಿ ನೋಡಿ, "ಓಗಯ್ಯ, ಓಗು! ನಾವು ಕುಂತಿರದ ನೋಡಕ್ಕ ಟಿಕೆಟ್ ಕೊಟ್ಟವ್ರಾ? ನಾವೂ ಬತ್ತೀವಿ," ಎಂದಳು. ಬಸ್ಸು ಹೊಗೆ ಬಿಟ್ಟು ಹೋಯಿತು. ಅಕ್ಕ ಇಳಿದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಏನಾಗದ ನೋಡಯ್ಯ ಸಿದ್ದಯ್ಯ. ಸರ್ಯಾಗಿ ನೋಡು."

ದೊಡ್ಡಸಿದ್ದಯ್ಯ ಬಾನೆಟ್ ಎತ್ತಿ, ಕಾರ್ಬುರೇಟರಿನ ಬಟ್ಟಲು ಬಿಚ್ಚಿ ತೋರಿಸಿದ. "ನೋಡಿ ಅಮ್ಮಾರೇ, ಒಣ್ಗೋಗದ. ಟ್ಯಾಂಕ್ ತುಂಬ ಪೆಟ್ರೋಲ್ ಅದ, ಇಲ್ಗ ಮಾತ್ರ ಬತ್ತಿಲ್ಲ. ಪಂಪು ಒಸದು, ಪೈಪು ಒಸದು. ಇನ್ನ ನಾ ಏನ್ ಮಾಡ್ಲಿ, ಬಾಯಲ್ಲಿ ತುಂಬ್ಕಂಡ್ ಬಂದು ಉಯ್ಲಾ?"

ಭಾವ ನಿಟ್ಟುಸಿರು ಬಿಟ್ಟು ಕೊನೆಯ ಅಸ್ತ್ರಕ್ಕೆ ಬಂದರು. ಮೂಟೆಯಿಂದ ಕಾಯಿ ತೆಗೆದುಕೊಂಡರು. ಅಭ್ಯಾಸದಂತೆ ಟ್ಯಾಂಕಿನ ಮುಚ್ಚಳದ ಅಂಚು ಹಿಡಿದು ತಿರುಗಿಸಿದರು. ನಾನು ಇನ್ನೂ ಅದರ ಪಕ್ಕದಲ್ಲೇ ಸಿಕ್ಕಿಕೊಂಡಿದ್ದೆ. 'ಉಸ್ಸ್' ಎಂದು ನಾಗರಹಾವಿನ ಹಾಗೆ ಸದ್ದಾಯಿತು. ನನ್ನ ಹೆಗಲಿನ ಟವೆಲ್ಲಿನ ತುದಿ ಚಕ್ಕನೆ ಟ್ಯಾಂಕಿನ ಬಾಯಿಗೆ ಅಂಟಿಕೊಂಡಿತು.

"ಭಾವ! ಇದು ಉಸ್ ಅಂತು! ನನ್ ಟವಲ್ನ ಒಳಕ್ಕ ಎಳ್ಕಂತು!"

"ಏನು?" ಎಂದರು ಭಾವ. ಸ್ಟೆತಾಸ್ಕೋಪು ಇಲ್ಲದಿದ್ದರೆ ಅವರಿಗೆ ಕಿವಿ ಅಷ್ಟಕ್ಕಷ್ಟೆ.

ಅಕ್ಕನ ಕಿವಿ ಚುರುಕು. "ಒಳಕ್ಕ ಎಳ್ಕಂತಾ? ಒರಕ್ಕ ಬುಡ್ನಿಲ್ವಾ?" ಎಂದು ಹತ್ತಿರ ಬಂದಳು. ಟ್ಯಾಂಕಿನ ಬಾಯಿ ನೋಡಿದಳು, ಮುಚ್ಚಳ ನೋಡಿದಳು. "ಎಣ್ಣೆ ಡಬ್ಬಕ್ಕ ಒಂದೇ ತೂತ ಒಡುದ್ರ ಎಣ್ಣೆ ಬಂದದಾ? ಮೊದ್ಲು ಬಳಬಳ ಅಂತದ, ಆಮೇಲ ನಿಂತೋಯ್ತದ. ಆ ಕಡೆ ಗಾಳಿಗೊಂದು ತೂತ ಒಡೀಬೇಕು. ಇದ್ಕ ಗಾಳಿ ತೂತ ಎಲ್ಲಯ್ಯ ಸಿದ್ದಯ್ಯ?"

ದೊಡ್ಡಸಿದ್ದಯ್ಯ ತಲೆ ಕೆರೆದುಕೊಂಡ. "ಮುಚ್ಚಳದಲ್ಲೇ ಇರ್ತದ ಅಮ್ಮಾರೇ. ಇದ್ರಲ್ಲಿ ಕಾಣ್ನಿಲ್ಲ. ಸೀಮೆ ಮುಚ್ಚಳ, ಬ್ಯಾರೆ ಥರ ಇರ್ಬೇಕು ಅಂತ..." ಎನ್ನುತ್ತ ಮುಚ್ಚಳವನ್ನು ಮಗುಚಿದ. ಒಳಮೈಯ ನಡುಮಧ್ಯದಲ್ಲಿ ಸೂಜಿ ಹೋಗುವಷ್ಟು ತೂತಿತ್ತು. ಬಿಸಿಲಿಗೆ ಹಿಡಿದ. ಬೆಳಕು ಬರಲಿಲ್ಲ. ಮತ್ತೆ ಈ ಕಡೆ ಮಗುಚಿದ. ಆ ತೂತಿನ ನೇರಕ್ಕೆ, ಮುಚ್ಚಳದ ಮೇಲೆ, ಕಾಸಗಲದ ಬೊಟ್ಟು.

ಎಲ್ಲರೂ ಬೊಟ್ಟನ್ನು ನೋಡಿದೆವು. ಯಾರೂ ಮುಟ್ಟಲಿಲ್ಲ.

"ಆಯುಧಪೂಜೇದು," ಎಂದರು ಭಾವ.

ನನಗೆ ಸಿಟ್ಟು ಬಂತು. "ಆಯುಧಪೂಜೆ ಯಾವ ಕಾಲ್ದಲ್ಲಿ ಆಯ್ತು ಭಾವ? ಆಮೇಲ ಮಳೆಗಾಲ ಓಯ್ತು. ನೀವು ದಿನಾ ನೀರಾಕಿ ತೊಳೀತೀರಿ. ಇನ್ನೂ ಇಂಗೇ ಅದ ಅಂದ್ರ ಇದೇನ್ ಪೇಂಟಾ?"

ಅಕ್ಕ ನಮಗೆ ಬೆನ್ನು ಮಾಡಿ ಬೆಟ್ಟದ ಕಡೆ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. "ಅದು ಓಗಲ್ಲ," ಎಂದಳು. "ಮೇಣ ಆಕಿವ್ನಿ."

"ಏನಾಕಿದ್ದೀಯ?"

"ಜೇನ್ಮೇಣ ಕಣ್ರಿ! ಯಳಂದೂರ್ ಸಂತೆಗ ಬೆಟ್ಟದ್ ಸೋಲಿಗ್ರ ಪೋಡಿಂದ ಕ್ಯಾತಮ್ಮ ತತ್ತಾಳಲ್ಲ, ಅದೇ. ಆ ಮುಚ್ಚಳ ನುಣ್ಗದ, ಬರೀ ಕುಂಕ್ಮ ನಿಲ್ನಿಲ್ಲ. ನಮ್ಮವ್ವ ಅಣೆಗ ಇಡ್ತಿದ್ದಂಗೆ ಮೇಣ ತೀಡಿ ಅದ್ರ ಮೇಲ ಇಟ್ಟಿವ್ನಿ. ಶುಕ್ರವಾರ ಶುಕ್ರವಾರ. ನೀವು ಎದ್ದೇಳಕ್ಕಿಂತ ಮುಂಚೆ."

ಭಾವ ಕಾಯಿ ಹಿಡಿದುಕೊಂಡು ಹಾಗೇ ನಿಂತರು. ಅಕ್ಕ ಈಗ ತಿರುಗಿ ನಿಂತಳು. ಸಿಕ್ಕಿಬಿದ್ದ ಮೇಲೆ ಜೋರು ಮಾಡುವುದು ನಮ್ಮ ಮನೆತನದ ಗುಣ.

"ಏನಿವಾಗ? ಮನೆಗ ಬಂದ ಎಣ್ಮಕ್ಕಳ್ನ ಅರಿಶಿನ ಕುಂಕ್ಮ ಕೊಡ್ದೆ ಎಂದಾದ್ರೂ ಕಳ್ಸಿದ್ದೀನಾ? ಸವತಿ ಆದ್ರೇನು, ಮನೆಗ ಬಂದೋಳೇ ಅಲ್ವಾ? ಬಂದ ಮೊದಲ್ನೇ ಶುಕ್ರವಾರ್ವೇ ಅಣೆಗ ಇಟ್ಟೆ. ನೀವು ಇವ್ಳ ಜೊತೇಲಿ ಬಿಸ್ಲಲ್ಲಿ ರೋಡಲ್ಲಿ ನಿಂತ್ಕಂಡು, ಕಂಡೋರ ಕೈಲೆಲ್ಲ ನಗಿಸ್ಕಂಡು ಬತ್ತಿದ್ರಲ್ಲ, ಅದ ನೋಡಕ್ಕಾಗ್ನಿಲ್ಲ ನನ್ಗ. ತಾಯಿ, ಇವ್ರ್ನ ದಾರೀಲಿ ಕೈ ಬುಡಬ್ಯಾಡ ಅಂತ ಆಮೇಲೂ ಇಟ್ಟೆ. ನಿಂತಷ್ಟೂ ದಪ್ಪಗ ಇಟ್ಟೆ."

ನಿಂತಷ್ಟೂ ದಪ್ಪಗೆ ಇಟ್ಟಿದ್ದಳು. ದಪ್ಪಗೆ ಇಟ್ಟಷ್ಟೂ ಅದು ನಿಂತಿತ್ತು. ಪ್ರತಿ ಸಲ ಕಾಯಿ ಒಡೆಯುವ ಮೊದಲು ಮುಚ್ಚಳ ತೆಗೆದಾಗ ಒಳಗೆ ಗಾಳಿ ಹೋಗಿ ಕಾರು ಹೊರಟರೆ, ಪುಣ್ಯವೆಲ್ಲ ಕಾಯಿಗೆ ಹೋಗಿತ್ತು. ದೊಡ್ಡಸಿದ್ದಯ್ಯನ ಕೈ ಬೊಟ್ಟಿನ ಹತ್ತಿರ ಹೋಗಿ ಹಿಂದೆ ಬಂತು. "ನಾ ಅಳ್ಸಲ್ಲ ಅಮ್ಮಾರೇ. ನಾನು ಮಕ್ಕಳೊಂದಿಗ."

"ಇಟ್ಟೋಳು ನಾನು, ತಗ್ಯೋಳೂ ನಾನೇ. ಕೊಡಿಲ್ಲಿ," ಎಂದು ಅಕ್ಕ ಮುಚ್ಚಳ ಕಿತ್ತುಕೊಂಡಳು. ತಾಳಿ ಸರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನೊಂದನ್ನು ಬಿಚ್ಚಿ, ಬೊಟ್ಟನ್ನು ಅಂಚಿನಿಂದ ಮೆಲ್ಲಗೆ ಎಬ್ಬಿಸಿದಳು. ಇಡಿಯಾಗಿ ಬಂದ ಆ ಕುಂಕುಮದ ಮೇಣವನ್ನು ಕೆಳಗೆ ಬಿಸಾಡಲಿಲ್ಲ. ಬೆರಳಲ್ಲಿ ತಿಕ್ಕಿ ತನ್ನ ಹಣೆಗೆ ಇಟ್ಟುಕೊಂಡಳು. ಆಮೇಲೆ ಪಿನ್ನಿನ ಮೊನೆಯಿಂದ ತೂತು ಬಿಡಿಸಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. "ಹೂಂ, ಬೆಟ್ಟ ಕಾಣ್ತದ," ಎಂದಳು.

ಆಮೇಲೆ ಆದದ್ದನ್ನು ಬಸ್ಸಿನವನಾಗಿ ನಾನು ಹೇಳಬಾರದು, ಆದರೂ ಹೇಳುತ್ತೇನೆ. ತಾಳಬೆಟ್ಟ ಬಂತು, ಹೋಯಿತು. ತಿರುವುಗಳಲ್ಲಿ ಆ ಕೆಂಪು ಕಾರು ನೆಲ ಕಚ್ಚಿಕೊಂಡು ಏರಿತು. ಎರಡು ಶ್ವಾಸಕೋಶವೂ ತುಂಬಿ ಎಷ್ಟೋ ವರ್ಷದ ಸಿಟ್ಟನ್ನೆಲ್ಲ ಒಂದೇ ಸಲ ಕೂಗಿಕೊಂಡ ಹಾಗೆ ಅದರ ಸದ್ದು ಕಾಡಿಗೆಲ್ಲ ಕೇಳಿಸಿತು. ಭಾವನ ಪಂಚೆ ಹಾರಿತು, ಅಕ್ಕನ ಸೆರಗು ನನ್ನ ಮುಖಕ್ಕೆ ಬಡಿಯಿತು. ಅರ್ಧ ಬೆಟ್ಟದಲ್ಲಿ ನನ್ನ ಬಸ್ಸು ಸಿಕ್ಕಿತು. ಭಾವ ಹಾರ್ನ್ ಹೊಡೆದರು. ಡ್ರೈವರು ಕನ್ನಡಿಯಲ್ಲಿ ನೋಡಿ, ನಂಬಲಾಗದೆ ತಲೆ ಹೊರಗೆ ಹಾಕಿ ನೋಡಿ, ದಾರಿ ಬಿಟ್ಟ. ಪಕ್ಕದಲ್ಲಿ ಹಾದುಹೋಗುವಾಗ ಅಕ್ಕ ಕಿಟಕಿಗಳ ಕಡೆ ಮುಖ ಎತ್ತಿ, "ಸೀಟದಾ? ನಮ್ಗ ಬ್ಯಾಡ!" ಎಂದು ಕೂಗಿದಳು. ಕಾಯಿ ಮೂಟೆಯ ಮೇಲೆ ನಿಂತು ಟವೆಲ್ ಬೀಸಿ ಕೇಕೆ ಹಾಕಿದವನು ಯಾರೆಂದು ಕೇಳಬೇಡಿ. ಡಿಪೋದಲ್ಲಿ ಇವತ್ತಿಗೂ ಅದೇ ಮಾತು.

ಬೆಟ್ಟದ ಮೇಲೆ ಹರಕೆ ಮುಗಿಯಿತು. ಭಾವ ಅಲ್ಲಿಂದಲೇ ರೆಸಾರ್ಟಿನವನಿಗೆ ಫೋನ್ ಮಾಡಿ, "ಗಿಡ ನೆಡಕ್ಕ ಕುಂಡ ತಕಳಿ, ಸಾ," ಎಂದು ಹೇಳಿ ಇಟ್ಟರು. ನಾನು ಹಾಲು ಉಳಿಯಿತೆಂದು ಸಮಾಧಾನಪಡುವ ಹೊತ್ತಿಗೆ ಅವರು, "ಕೊಟ್ಗೆ ಪಕ್ಕಕ್ಕ ಒಂದು ಚಪ್ಪರ ಆಕ್ಸಣ. ಗೋವಿಂದ, ನಾಳೆ ಗೌರೀನ ಒಡ್ಕಂಡ್ ಬಾ," ಎಂದರು. ನಮ್ಮ ಮನೆಗೆ ಈಗ ಪ್ಯಾಕೆಟ್ ಹಾಲು.

ಅಕ್ಕ ಗುಡಿಯಿಂದ ತಂದ ಕುಂಕುಮವನ್ನು ಬೆರಳಲ್ಲಿ ಹಿಡಿದು ಕಾರಿನ ಹಿಂದೆ ನಿಂತಿದ್ದಳು. ಎಲ್ಲಿ ಇಡುವುದೆಂದು ಗೊತ್ತಾಗದೆ ಕೈ ಮುಂದೆ ಹೋಗಿ ಹಿಂದೆ ಬರುತ್ತಿತ್ತು. ಭಾವ ಹೋಗಿ ಅವಳ ಕೈ ಹಿಡಿದು, ಮುಚ್ಚಳದ ಮೇಲೆ ತೂತಿನಿಂದ ಎರಡು ಬೆರಳು ಈಚೆಗೆ ತಂದರು.

"ಇಲ್ಲಿಡು. ಮೇಣ ಆಕೇ ಇಡು, ಅಳಿಸ್ಬಾರ್ದು."

ಇಟ್ಟಳು. ಭಾವ ಕೇಳಿದರು: "ಇಷ್ಟ್ ದಿವ್ಸ ಯಾಕ ಏಳ್ನಿಲ್ಲ ರತ್ನ? ನಿಂಗೂ ಇವ್ಳ ಮ್ಯಾಲ ಆಸೆ ಅದ ಅಂತ ನಂಗ ಗೊತ್ತೇ ಇರ್ನಿಲ್ಲ."

"ಇವ್ಳ ಮ್ಯಾಲ ಯಾರ್ಗ ಆಸೆ?" ಎಂದಳು ಅಕ್ಕ, ಕೈಗೆ ಅಂಟಿದ ಕುಂಕುಮವನ್ನು ಅವರ ಹಣೆಗೆ ಒರೆಸುತ್ತ. "ಏಳಿದ್ರ, ಆಮೇಲ ದಿನಾ ಬೆಳಗ್ಗೆ ನಾ ನಿಮ್ನ ಬಯ್ಯದು ಎಂಗೆ?"

ಭಾವ ಸುತ್ತಿ ಬಂದು ಅವಳ ಕಡೆಯ ಬಾಗಿಲು ತೆರೆದು ಹಿಡಿದು ನಿಂತರು.